ಕಾಡಿಗೆ ಹೊರಟಾಗ ಮೈ ಕಾಯುವ ಬಟ್ಟೆ

(ಸಿಂಗಸಂದ್ರದಲ್ಲಿ ನಡೆದ ಮಹಿಳಾ ಸ್ವಸಹಾಯ ಸಂಘಗಳ ತಿಂಗಳ ಸಭೆಯಲ್ಲಿ ಸಿಸ್ಟರ್ ಒಬ್ಬರು ಮಾಡಿದ ಭಾಷಣದ ಬರಹ ರೂಪ. ಸಭೆಗೆ ಬರಲು ಆಗದ ಸದಸ್ಯೆಯರ ಅನುಕೂಲಕ್ಕಾಗಿ ಇಲ್ಲಿ ಕೊಟ್ಟಿದ್ದೇವೆ.)



ಈ ದಿನ ನಾನು ಉಳಿತಾಯ, ಸಾಲ, ಬಡ್ಡಿ ಇವುಗಳ ಬಗ್ಗೆ ಮಾತಾಡುವುದಿಲ್ಲ. ಬಟ್ಟೆಯ ಬಗ್ಗೆ ಮಾತಾಡ್ತೀನಿ. ಹಬ್ಬದ ಬಟ್ಟೆ ಅಲ್ಲ, ಮದುವೆ ಸೀರೆ ಅಲ್ಲ. ಕಾಡು, ಬೆಟ್ಟ, ಪೊದೆ ಇರುವ ಕಡೆ ನಡೆಯುವಾಗ ಸೊಳ್ಳೆ, ಉಣ್ಣೆ, ಇಂಬಳ ಕಚ್ಚದ ಹಾಗೆ ಹಾಕಿಕೊಳ್ಳುವ ಬಟ್ಟೆ.

ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. “ಸಿಸ್ಟರ್, ನಾವಿರೋದು ಸಿಂಗಸಂದ್ರದಲ್ಲಿ. ಮನೆ ಮುಂದೆ ಹೊಸೂರು ರಸ್ತೆ, ಮೇಲೆ ಮೆಟ್ರೊ. ನಮಗೆ ಕಾಡು ಎಲ್ಲಿಂದ ಬಂತು?” ಅಂತ ಕೇಳಬಹುದು. ಸ್ವಲ್ಪ ಯೋಚನೆ ಮಾಡಿ ನೋಡಿ. ನಮ್ಮ ಸಂಘಗಳ ವರ್ಷದ ಪ್ರವಾಸಕ್ಕೆ ಕೆಲವರು ಆನೇಕಲ್ ಹತ್ತಿರದ ಮುತ್ಯಾಲಮಡುವು ಅಂತೀರಿ, ಕೆಲವರು ಮಾಗಡಿ ಕಡೆಯ ಸಾವನದುರ್ಗ ಅಂತೀರಿ, ಮಲೆನಾಡಿನವರು ಜೋಗ, ಆಗುಂಬೆ ಅಂತೀರಿ. ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವವರು ಇದ್ದೀರಿ. ಇನ್ನು ನಮ್ಮಲ್ಲಿ ಎಷ್ಟೋ ಜನರ ತವರು ಸಾಗರ, ತೀರ್ಥಹಳ್ಳಿ, ಮೂಡಿಗೆರೆ, ಸಕಲೇಶಪುರ, ಮಡಿಕೇರಿ ಕಡೆ. ರಜಕ್ಕೆ ಊರಿಗೆ ಹೋದರೆ ನಾವು ಕೈಕಟ್ಟಿ ಕೂರುತ್ತೇವೆಯೇ? ಅಮ್ಮನ ಜೊತೆ ಸೌದೆಗೆ, ಸೊಪ್ಪಿಗೆ, ದನ ಹುಡುಕಲು ಹೊರಟೇ ಬಿಡ್ತೀವಿ. ಆಗ ಮೈಮೇಲೆ ಏನಿರುತ್ತದೆ? ಒಂದು ನೈಟಿ, ಹೆಗಲ ಮೇಲೆ ಒಂದು ಟವೆಲ್, ಕಾಲಿಗೆ ಹವಾಯಿ ಚಪ್ಪಲಿ.

ಈ ವಿಷಯ ಎತ್ತಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಅಪಾರ್ಟ್‌ಮೆಂಟುಗಳಲ್ಲಿ ಮನೆಕೆಲಸ ಮಾಡುವ ಸದಸ್ಯೆಯೊಬ್ಬರು ಕೇಳಿದರು: “ಆ ಮನೆ ಹುಡುಗ ಚಾರಣಕ್ಕೆ ಹೋಗೋಕೆ ಸೊಳ್ಳೆ ಕಚ್ಚದ ಅಂಗಿ ತರಿಸಿದ್ದಾನೆ ಸಿಸ್ಟರ್. ಅಂಥದ್ದು ನಿಜವಾಗಿಯೂ ಇದೆಯಾ? ನಾವೂ ಸಂಘದ ದುಡ್ಡಲ್ಲಿ ತಗೊಳ್ಳೋಣವಾ?” ಒಳ್ಳೆಯ ಪ್ರಶ್ನೆ. ದುಡ್ಡು ನಮ್ಮದು, ಮೈಯೂ ನಮ್ಮದು. ಆದ್ದರಿಂದ ಎರಡನ್ನೂ ಯೋಚಿಸಿ ಉತ್ತರ ಹೇಳಬೇಕು.

ಮಾನ ಮುಚ್ಚುವ ಬಟ್ಟೆ, ಮೈ ಕಾಯುವ ಬಟ್ಟೆ

ಚಿಕ್ಕಂದಿನಿಂದ ನಮಗೆ ಮಾನ ಮುಚ್ಚುವ ಹಾಗೆ ಬಟ್ಟೆ ಹಾಕಿಕೋ ಅಂತ ಹೇಳಿಕೊಡ್ತಾರೆ. ಮೈ ಕಾಯುವ ಹಾಗೆ ಹಾಕಿಕೋ ಅಂತ ಯಾರೂ ಹೇಳಿಕೊಡುವುದಿಲ್ಲ. ಇವೆರಡೂ ಒಂದೇ ಅಲ್ಲ. ಸೀರೆ ಉಟ್ಟರೆ ನೋಡುವವರ ಕಣ್ಣಿಗೆ ಕಾಲು ಮುಚ್ಚಿರುತ್ತದೆ. ಆದರೆ ಸೀರೆಯ ಒಳಗೆ ಪಾದದಿಂದ ಮೊಣಕಾಲಿನವರೆಗೆ ಪೂರಾ ಬಯಲು. ಕೆಳಗಿನಿಂದ ಹತ್ತುವ ಹುಳಕ್ಕೆ ಅದು ತೆರೆದ ಬಾಗಿಲು. ನೈಟಿಯೂ ಹಾಗೇ.

ಮನೆಯಲ್ಲಿ ನೋಡಿ. ಗಂಡನಿಗೆ ಬೂಟು ಇದೆ, ಮಗನಿಗೆ ಶೂ ಇದೆ. ಅವರ ಪ್ಯಾಂಟು ಕಾಲಿನ ಕೊನೆಯವರೆಗೆ ಬರುತ್ತದೆ. ಸೌದೆ ತರುವುದು, ತರಗೆಲೆ ಗುಡಿಸುವುದು, ಹುಲ್ಲು ಕೊಯ್ಯುವುದು ಇದೆಲ್ಲ ಹೆಚ್ಚಾಗಿ ನಮ್ಮ ಕೆಲಸ. ಕಾಡಿನಲ್ಲಿ ಬಗ್ಗಿ ದುಡಿಯುವವಳ ಕಾಲಿಗೆ ಮಾತ್ರ ಏನೂ ಇಲ್ಲ. “ಈ ವಯಸ್ಸಿನಲ್ಲಿ ಪ್ಯಾಂಟು ಹಾಕಿಕೊಂಡರೆ ಜನ ಏನಂತಾರೆ?” ಅಂತ ನಾವೇ ಹಿಂದೆ ಸರೀತೀವಿ. ಜ್ವರ ಬಂದು ಮಲಗಿದರೆ ಆ ಜನ ಬಂದು ಗಂಜಿ ಕಾಯಿಸಿ ಕೊಡುವುದಿಲ್ಲ, ನೆನಪಿರಲಿ.

ಯಾವ ಹುಳ ಎಲ್ಲಿಂದ ಬರುತ್ತದೆ?

ಬಟ್ಟೆ ಆರಿಸುವ ಮೊದಲು ಯಾರಿಂದ ತಪ್ಪಿಸಿಕೊಳ್ಳಬೇಕು ಅನ್ನುವುದು ಗೊತ್ತಿರಬೇಕು.

ಉಣ್ಣೆ: ಮಲೆನಾಡಿನಲ್ಲಿ ಉಣುಗು ಅಂತಾರೆ. ಇದು ಹಾರುವುದಿಲ್ಲ, ನೆಗೆಯುವುದೂ ಇಲ್ಲ. ಹುಲ್ಲಿನ ತುದಿಯಲ್ಲಿ, ತರಗೆಲೆಯ ಮೇಲೆ ಕಾದು ಕೂತಿರುತ್ತದೆ. ನಾವು ಉಜ್ಜಿಕೊಂಡು ಹೋದಾಗ ಬಟ್ಟೆಗೆ, ಕಾಲಿಗೆ ಹತ್ತಿಕೊಂಡು ಮೇಲಕ್ಕೆ ಬರುತ್ತದೆ. ಮರಿ ಉಣ್ಣೆ ಸಾಸಿವೆ ಕಾಳಿಗಿಂತ ದೊಡ್ಡದಲ್ಲ. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ನುಸಿ: ಪೊದೆ, ಕುರುಚಲು ಗಿಡಗಳಲ್ಲಿ ಇರುವ ಒಂದು ಜಾತಿಯ ನುಸಿಯ ಮರಿ ಕಚ್ಚಿದರೆ ಸ್ಕ್ರಬ್ ಟೈಫಸ್ ಎಂಬ ಜ್ವರ ಬರುತ್ತದೆ. ಇದು ಕಾಡಿನಲ್ಲೇ ಬರಬೇಕೆಂದಿಲ್ಲ. ಹೊಲದ ಬದು, ಖಾಲಿ ಸೈಟಿನ ಪೊದೆ ಇದ್ದರೂ ಸಾಕು. ಕಚ್ಚಿದ ಜಾಗದಲ್ಲಿ ಕೆಲವರಿಗೆ ಬೀಡಿಯಿಂದ ಸುಟ್ಟ ಹಾಗೆ ಕಪ್ಪು ಗಾಯ ಇರುತ್ತದೆ.

ಇಂಬಳ: ಮಳೆಗಾಲದ ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಇದೂ ಕೆಳಗಿನಿಂದಲೇ ಹತ್ತುತ್ತದೆ. ರೋಗ ತರುವುದು ಅಪರೂಪ, ಆದರೆ ರಕ್ತ ಬೇಗ ನಿಲ್ಲುವುದಿಲ್ಲ, ಗಾಯ ಕೆರೆದರೆ ಕೀವಾಗುತ್ತದೆ.

ಸೊಳ್ಳೆ: ಇದೊಂದೇ ಮೇಲಿನಿಂದ ಹಾರಿ ಬರುವುದು. ಡೆಂಗಿ ತರುವ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ. ತೆಳ್ಳಗಿನ ಬಿಗಿ ಬಟ್ಟೆಯ ಮೇಲಿನಿಂದಲೇ ಚುಚ್ಚಬಲ್ಲದು.

ನೋಡಿ, ನಾಲ್ಕರಲ್ಲಿ ಮೂರು ಕೆಳಗಿನಿಂದ ಬರುತ್ತವೆ. ಆದ್ದರಿಂದ ಮೊದಲು ಕಾಲು, ಆಮೇಲೆ ಕೈ, ಆಮೇಲೆ ತಲೆ.

ಮಂಗನ ಕಾಯಿಲೆಯ ಪಾಠ

ಉಣ್ಣೆ ಕಡಿತ ಸಣ್ಣ ವಿಷಯ ಅಲ್ಲ ಅನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಉದಾಹರಣೆ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳ ಜನಕ್ಕೂ ಜೋರಾದ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪರೀಕ್ಷೆ ಮಾಡಿ, ಇದು ಉಣ್ಣೆಯಿಂದ ಹರಡುವ ಹೊಸ ವೈರಸ್ ಎಂದು ಕಂಡುಹಿಡಿದರು. ಇವತ್ತಿಗೂ ಪ್ರಪಂಚದ ವೈದ್ಯರು ಇದನ್ನು ಕ್ಯಾಸನೂರು ಕಾಡಿನ ಕಾಯಿಲೆ, ಅಂದರೆ ಕೆಎಫ್‌ಡಿ ಎಂದೇ ಕರೆಯುತ್ತಾರೆ. ನಾವು ಮಂಗನ ಕಾಯಿಲೆ ಅಂತೀವಿ.

ಇದು ಬಹಳ ವರ್ಷ ಶಿವಮೊಗ್ಗ ಮತ್ತು ಅಕ್ಕಪಕ್ಕದ ಜಿಲ್ಲೆಗಳಲ್ಲೇ ಇತ್ತು. 2012ರಲ್ಲಿ ಚಾಮರಾಜನಗರ ಜಿಲ್ಲೆಯ ಬಂಡೀಪುರದಲ್ಲಿ ಕಾಣಿಸಿಕೊಂಡಿತು. ಆಮೇಲೆ ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದ ಕಡೆಗೂ ಹೋಯಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಬಹಳ ಜನಕ್ಕೆ ಬಂದು ಸಾವುಗಳೂ ಆದವು. ನೂರು ಜನಕ್ಕೆ ಬಂದರೆ ಸುಮಾರು ಮೂರರಿಂದ ಐದು ಜನ ಉಳಿಯುವುದಿಲ್ಲ ಎಂದು ವೈದ್ಯರು ಹೇಳುತ್ತಾರೆ.

ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಉಣ್ಣೆಯೇ ಕಚ್ಚಬೇಕು, ಇಲ್ಲವೇ ಸತ್ತ ಮಂಗವನ್ನು ಮುಟ್ಟಿರಬೇಕು. ಕಾಲ ಯಾವುದು ಗೊತ್ತೇ? ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ. ಮರಿ ಉಣ್ಣೆಗಳು ಹೆಚ್ಚಾಗುವ ಕಾಲ ಅದೇ. ಎಲೆ ಉದುರಿ, ಹೆಂಗಸರು ಕೊಟ್ಟಿಗೆಗೆ, ತೋಟಕ್ಕೆ ತರಗೆಲೆ ಗುಡಿಸಿ ತರುವ ಕಾಲವೂ ಅದೇ. ಊರಿನ ಹಬ್ಬ, ಜಾತ್ರೆ, ಮಕ್ಕಳ ರಜ ಎಲ್ಲವೂ ಅದೇ ಕಾಲದಲ್ಲಿ ಬರುತ್ತವೆ.

ಹಿಂದೆ ಇದಕ್ಕೆ ಲಸಿಕೆ ಕೊಡುತ್ತಿದ್ದರು. ಅದರಿಂದ ಸಾಕಷ್ಟು ರಕ್ಷಣೆ ಸಿಗುತ್ತಿಲ್ಲ ಎಂದು ಗೊತ್ತಾಗಿ 2022ರಲ್ಲಿ ನಿಲ್ಲಿಸಲಾಯಿತು. ಹೊಸ ಲಸಿಕೆಗಾಗಿ ವಿಜ್ಞಾನಿಗಳು ಕೆಲಸ ಮಾಡುತ್ತಿದ್ದಾರೆ. ಈ ವೈರಸ್ಸನ್ನೇ ಕೊಲ್ಲುವ ಔಷಧಿಯೂ ಇಲ್ಲ. ಹಾಗಾದರೆ ಕಾಡಿಗೆ ಹೋಗುವ ಹೆಂಗಸಿನ ಕೈಯಲ್ಲಿ ಉಳಿದಿರುವುದು ಏನು? ಮೈತುಂಬ ಬಟ್ಟೆ, ಕೈಕಾಲಿಗೆ ಹಚ್ಚುವ ತೈಲ, ಮನೆಗೆ ಬಂದ ಮೇಲೆ ಬಿಸಿನೀರಿನ ಸ್ನಾನ. ಈ ಮೂರೇ. ಆ ಭಾಗದಲ್ಲಿ ಆರೋಗ್ಯ ಇಲಾಖೆಯವರು ಮೊದಲು ಡಿಎಂಪಿ ತೈಲ ಕೊಡುತ್ತಿದ್ದರು, ಈಚೆಗೆ ಡೆಪಾ ತೈಲ ಕೊಡುತ್ತಾರೆ. ಡೆಪಾ ನಮ್ಮ ದೇಶದ ರಕ್ಷಣಾ ಇಲಾಖೆಯ ವಿಜ್ಞಾನಿಗಳು ಗ್ವಾಲಿಯರ್‌ನಲ್ಲಿ ತಯಾರು ಮಾಡಿದ್ದು. ತವರಿಗೆ ಹೋದಾಗ ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆದುಕೊಳ್ಳಿ. ಬಾಟಲಿ ಅಟ್ಟದ ಮೇಲೆ ಇದ್ದರೆ ಉಪಯೋಗ ಇಲ್ಲ, ಮೈಮೇಲೆ ಇರಬೇಕು.

ಬಟ್ಟೆ ಆರಿಸುವುದು ಹೇಗೆ?

ನಿಮ್ಮಲ್ಲಿ ಬಹಳ ಜನ ಬೊಮ್ಮನಹಳ್ಳಿ, ಹೊಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ದುಡಿದವರು, ಈಗಲೂ ದುಡಿಯುತ್ತಿರುವವರು. ನೇಯ್ಗೆ, ಹೊಲಿಗೆ ಇವು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆದ್ದರಿಂದ ನಾನು ಹೇಳುವುದು ನಿಮಗೆ ಬೇಗ ತಿಳಿಯುತ್ತದೆ.

1. ನೇಯ್ಗೆ ಒತ್ತಾಗಿರಲಿ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ತೂತು ತೂತಾಗಿ ಬೆಳಕು ಕಂಡರೆ ಸೊಳ್ಳೆಯ ಸೂಜಿಗೆ ಅದು ದಾರಿ. ಒತ್ತಾದ ನೇಯ್ಗೆಯ ಕಾಟನ್, ಕಾಟನ್-ಪಾಲಿಯೆಸ್ಟರ್ ಮಿಶ್ರದ ಬಟ್ಟೆ ಒಳ್ಳೆಯದು. ಹೆಣೆದ ಬಟ್ಟೆ, ಅಂದರೆ ಟೀ ಶರ್ಟಿನ ಬಟ್ಟೆ, ಎಳೆದಾಗ ಬಿಟ್ಟುಕೊಳ್ಳುತ್ತದೆ.

2. ಸಡಿಲವಾಗಿರಲಿ. ಲೆಗ್ಗಿಂಗ್ಸ್ ಪೂರ್ತಿ ಕಾಲು ಮುಚ್ಚುತ್ತದೆ ನಿಜ. ಆದರೆ ಅದು ಚರ್ಮಕ್ಕೆ ಅಂಟಿಕೊಂಡು ಹಿಗ್ಗಿರುತ್ತದೆ. ಸೊಳ್ಳೆ ಅದರ ಮೇಲೆಯೇ ಕೂತು ಚುಚ್ಚುತ್ತದೆ. ಬಟ್ಟೆಗೂ ಚರ್ಮಕ್ಕೂ ನಡುವೆ ಸ್ವಲ್ಪ ಗಾಳಿ ಆಡಬೇಕು.

3. ತುದಿಗಳು ಮುಚ್ಚಿರಲಿ. ಮೈ ಸಡಿಲ, ತುದಿ ಬಿಗಿ. ತೋಳಿನ ಕೊನೆಗೆ ಗುಂಡಿ, ಕಾಲಿನ ಕೊನೆ ಕಾಲುಚೀಲದ ಒಳಗೆ, ಅಂಗಿ ಸೊಂಟದ ಒಳಗೆ. ಪ್ಯಾಂಟಿನ ಕೊನೆಯನ್ನು ಕಾಲುಚೀಲದೊಳಗೆ ತುರುಕಿದರೆ ನೋಡಲು ಚೆಂದ ಕಾಣುವುದಿಲ್ಲ. ಆದರೆ ಉಣ್ಣೆ ಬಟ್ಟೆಯ ಹೊರಗಡೆಯೇ ಹತ್ತಬೇಕಾಗುತ್ತದೆ. ಹೊರಗೆ ಇದ್ದರೆ ನಮ್ಮ ಕಣ್ಣಿಗೆ ಬೀಳುತ್ತದೆ, ಕೊಡವಿ ಹಾಕಬಹುದು.

4. ಬಣ್ಣ ತಿಳಿಯಾಗಿರಲಿ. ತಿಳಿ ಬಣ್ಣದ ಮೇಲೆ ಹತ್ತಿದ ಉಣ್ಣೆ ಕಾಣುತ್ತದೆ, ಕಪ್ಪು ಬಟ್ಟೆಯ ಮೇಲೆ ಕಾಣುವುದಿಲ್ಲ. ಸೊಳ್ಳೆಗೂ ಬಣ್ಣದ ಲೆಕ್ಕ ಇದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಡೆಂಗಿ ಸೊಳ್ಳೆ ನಮ್ಮ ಉಸಿರಿನ ಸುಳಿವು ಹಿಡಿದ ಮೇಲೆ ಕೆಂಪು, ಕಿತ್ತಳೆ, ಕಪ್ಪು ಬಣ್ಣಗಳ ಕಡೆ ಹೆಚ್ಚು ಹಾರುತ್ತದೆ. ಬಿಳಿ, ಹಸಿರು, ನೀಲಿ ಬಣ್ಣಗಳನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಚರ್ಮದ ಬಣ್ಣ ಯಾವುದೇ ಇರಲಿ, ಸೊಳ್ಳೆಯ ಕಣ್ಣಿಗೆ ಅದು ಕೆಂಪಿನ ಕಡೆಗೇ ಕಾಣುತ್ತದಂತೆ. ಅಂದರೆ ಬೆಳ್ಳಗಿದ್ದರೂ ಕಪ್ಪಗಿದ್ದರೂ ಮುಚ್ಚಿಕೊಳ್ಳುವುದೇ ಒಳ್ಳೆಯದು.

5. ಕಾಲಿಗೆ ಶೂ ಇರಲಿ. ಹವಾಯಿ ಚಪ್ಪಲಿ ಬೇಡ. ಮಕ್ಕಳು ಶಾಲೆಗೆ ಹಾಕಿ ಬಿಟ್ಟ ಕ್ಯಾನ್ವಾಸ್ ಶೂ ನಿಮ್ಮ ಕಾಲಿಗೆ ಆಗುತ್ತದೆಯೇ ನೋಡಿ. ಅದರ ಜೊತೆಗೆ ಮೊಣಕಾಲಿನ ಹತ್ತಿರದವರೆಗೆ ಬರುವ ದಪ್ಪ ಕಾಲುಚೀಲ ಹಾಕಿ.

6. ತಲೆ, ಕುತ್ತಿಗೆ ಮರೆಯಬೇಡಿ. ಕೂದಲು ಜಡೆ ಹಾಕಿ ಮೇಲೆ ಕಟ್ಟಿ. ಚೂಡಿದಾರದ ವೇಲ್ ಅನ್ನು ತಲೆ, ಕುತ್ತಿಗೆ ಸುತ್ತಿ ಗಂಟು ಹಾಕಿ. ವೇಲ್ ಇಳಿಬಿಟ್ಟುಕೊಂಡು ಪೊದೆಯಲ್ಲಿ ಹೋದರೆ ಉಣ್ಣೆಗೆ ಏಣಿ ಹಾಕಿ ಕೊಟ್ಟ ಹಾಗೆ.

ಸೀರೆ ಬಿಡಲಾರದ ಹಿರಿಯರಿಗೆ ಒಂದು ಮಾತು. ಸೀರೆ ಬಿಡಬೇಡಿ. ಒಳಗೆ ಲಂಗದ ಬದಲು ಒಂದು ಹಳೆಯ ಸಲ್ವಾರ್ ಅಥವಾ ಟ್ರ್ಯಾಕ್ ಪ್ಯಾಂಟ್ ಹಾಕಿ, ಅದರ ಕೊನೆಯನ್ನು ಕಾಲುಚೀಲಕ್ಕೆ ತುರುಕಿ, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿ. ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ಹಾಕಿ ಗುಂಡಿ ಹಾಕಿಕೊಳ್ಳಿ. ಕಾಫಿ ತೋಟದಲ್ಲಿ, ಗದ್ದೆಯಲ್ಲಿ ಕೂಲಿ ಮಾಡುವ ನಮ್ಮ ಹೆಂಗಸರು ಸೀರೆಯ ಮೇಲೆ ಗಂಡಸರ ಅಂಗಿ ಹಾಕಿಕೊಳ್ಳುವುದನ್ನು ನೀವೆಲ್ಲ ನೋಡಿದ್ದೀರಿ. ಅದನ್ನು ಬಡತನದ ಗುರುತು ಅಂದುಕೊಳ್ಳಬೇಡಿ. ಅದು ಅನುಭವದಿಂದ ಬಂದ ಬುದ್ಧಿ. ಅವರು ಮೇಲಿನ ಅರ್ಧ ಸರಿ ಮಾಡಿಕೊಂಡಿದ್ದಾರೆ, ಕೆಳಗಿನ ಅರ್ಧವನ್ನು ನಾವು ಸರಿ ಮಾಡಿಕೊಳ್ಳಬೇಕು. ಲೆಕ್ಕ ಹಾಕಿ ನೋಡಿ. ಇದರಲ್ಲಿ ಹೊಸದಾಗಿ ಕೊಳ್ಳಬೇಕಾದ್ದು ಕಾಲುಚೀಲ ಒಂದೇ ಇರಬಹುದು.

ಔಷಧಿ ಹಾಕಿದ ಬಟ್ಟೆಯ ವಿಚಾರ

ಈಗ ಆ ಸದಸ್ಯೆಯ ಪ್ರಶ್ನೆಗೆ ಬರೋಣ. ಹೌದು, ಅಂಥ ಬಟ್ಟೆ ಇದೆ. ಅದಕ್ಕೆ ಪರ್ಮೆಥ್ರಿನ್ ಎಂಬ ಔಷಧಿ ಹಾಕಿರುತ್ತಾರೆ. ಒಂದು ಜಾತಿಯ ಸೇವಂತಿಗೆ ಹೂವಿನಲ್ಲಿ ಹುಳ ಕೊಲ್ಲುವ ಗುಣ ಇದೆ ಎಂದು ಬಹಳ ಹಿಂದಿನಿಂದ ಗೊತ್ತಿತ್ತು. ಅದರ ಮಾದರಿಯಲ್ಲೇ 1973ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಮೈಕೆಲ್ ಎಲಿಯಟ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಪರ್ಮೆಥ್ರಿನ್ ತಯಾರಿಸಿದರು. ಅಮೆರಿಕದ ಸೈನಿಕರ ಸಮವಸ್ತ್ರಕ್ಕೆ ಇದನ್ನು ಹಾಕುತ್ತಾರೆ. ಮಲೇರಿಯಾ ಇರುವ ಕಡೆ ಸರ್ಕಾರ ಹಂಚುವ ಔಷಧಿ ಲೇಪಿಸಿದ ಸೊಳ್ಳೆಪರದೆಯಲ್ಲಿ ಇರುವುದೂ ಇದೇ ಕುಟುಂಬದ ಔಷಧಿ. ಕಜ್ಜಿಗೆ ಡಾಕ್ಟರು ಬರೆದುಕೊಡುವ ಮುಲಾಮಿನಲ್ಲೂ ಪರ್ಮೆಥ್ರಿನ್ ಇರುತ್ತದೆ.

ಇದು ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಮುಖ್ಯ. ಇದು ವಾಸನೆಯಿಂದ ಹುಳವನ್ನು ದೂರ ಓಡಿಸುವುದಿಲ್ಲ. ಹುಳ ಬಟ್ಟೆಯ ಮೇಲೆ ಕೂತು, ನಡೆದಾಡಿದಾಗ ಅದಕ್ಕೆ ತಾಗಿ ಕೆಳಗೆ ಬೀಳುತ್ತದೆ. ಅಂದರೆ ಔಷಧಿ ಅಂಗಿ ಹಾಕಿಕೊಂಡು ಕಾಲು ಬಿಟ್ಟರೆ ಕಾಲಿಗೆ ರಕ್ಷಣೆ ಇಲ್ಲ. ಉಣ್ಣೆಗೆ, ಸೊಳ್ಳೆಗೆ ಇದು ಒಳ್ಳೆಯದು. ಇಂಬಳಕ್ಕೆ ಇದನ್ನು ನಂಬಬೇಡಿ.

ಕಾರ್ಖಾನೆಯಲ್ಲೇ ಔಷಧಿ ಹಾಕಿದ ಬಟ್ಟೆ ಸುಮಾರು 70 ಸಲ ಒಗೆಯುವವರೆಗೆ ಬರುತ್ತದೆ ಎಂದು ತಯಾರಿಸುವವರು ಹೇಳುತ್ತಾರೆ. ಮನೆಯಲ್ಲಿ ಸ್ಪ್ರೇ ಮಾಡಿಕೊಂಡದ್ದು ಐದಾರು ಒಗೆತಕ್ಕೆ ಹೋಗುತ್ತದೆ. ಈ ಲೆಕ್ಕವೆಲ್ಲ ಮೆಷಿನ್ ಒಗೆತಕ್ಕೆ. ನಾವು ಕಲ್ಲಿನ ಮೇಲೆ ಕುಕ್ಕುವುದಕ್ಕೆ ಅಲ್ಲ!

ಹಾಗಾದರೆ ಕೊಳ್ಳಬೇಕೇ? ನನ್ನ ಅಭಿಪ್ರಾಯ ಹೇಳ್ತೀನಿ. ವರ್ಷಕ್ಕೆ ಒಂದು ದಿನ ಬೆಟ್ಟ ಹತ್ತುವವರಿಗೆ ಅದು ಬೇಕಾಗಿಲ್ಲ. ತಿಂಗಳಲ್ಲಿ ನಾಲ್ಕು ಸಲ ಕಾಡಿಗೆ ಹೋಗುವವರು, ಅರಣ್ಯದಲ್ಲೇ ಕೆಲಸ ಮಾಡುವವರು ಕೊಂಡರೆ ಅದಕ್ಕೆ ಅರ್ಥ ಇದೆ. ಸಂಘದ ಹಣದಲ್ಲಿ ಕೊಳ್ಳುವುದಾದರೆ ಮೊದಲು ಶೂ, ಕಾಲುಚೀಲ. ಮುಚ್ಚದ ಮೈಗೆ ಯಾವ ದುಬಾರಿ ಅಂಗಿಯೂ ಕಾವಲಲ್ಲ.

ಯಾರಾದರೂ ಮನೆ ಬಾಗಿಲಿಗೆ ಬಂದು “ಇದು ಸೊಳ್ಳೆ ಕಚ್ಚದ ಬಟ್ಟೆ, ಕಂತಿನಲ್ಲಿ ಕೊಡ್ತೀವಿ” ಅಂದರೆ ಈ ನಾಲ್ಕು ಪ್ರಶ್ನೆ ಕೇಳಿ: ಯಾವ ಔಷಧಿ ಹಾಕಿದ್ದಾರೆ? ಎಷ್ಟು ಒಗೆತ ಬರುತ್ತದೆ? ಹೇಗೆ ಒಗೆಯಬೇಕು? ಇದೆಲ್ಲ ಲೇಬಲ್ ಮೇಲೆ ಅಚ್ಚಾಗಿದೆಯೇ? ಬಾಯಲ್ಲಿ ಹೇಳಿದ್ದು ಸಾಲದು. ಔಷಧಿಯ ಬಾಟಲಿ ಕೊಳ್ಳುವುದಾದರೆ ಅದರ ಮೇಲೆ 1968ರ ಕೀಟನಾಶಕ ಕಾಯ್ದೆಯ ಪ್ರಕಾರ ನೋಂದಣಿ ಸಂಖ್ಯೆ ಇರಬೇಕು. ಇಲ್ಲದಿದ್ದರೆ ವಾಪಸ್ ಕೊಡಿ.

ಮನೆಕೆಲಸಕ್ಕೆ ಹೋಗುವ ಸದಸ್ಯೆಯರೇ, ಚಾರಣದ ಬಟ್ಟೆ ಒಗೆಯಲು ಕೊಟ್ಟರೆ “ಇದಕ್ಕೆ ಔಷಧಿ ಹಾಕಿದ್ದಾರಾ ಅಮ್ಮಾ?” ಎಂದು ಕೇಳುವುದು ನಿಮ್ಮ ಹಕ್ಕು. ಅಂಥ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ಸೇರಿಸದೆ ಬೇರೆ ಒಗೆಯಿರಿ, ನೆರಳಿನಲ್ಲಿ ಒಣಗಿಸಿ, ಆಮೇಲೆ ಕೈ ಸೋಪಿನಲ್ಲಿ ತೊಳೆದುಕೊಳ್ಳಿ. ಆ ನೀರು ಕೆರೆಗೆ, ಮೀನಿನ ತೊಟ್ಟಿಗೆ ಹೋಗಬಾರದು. ಈ ಔಷಧಿ ಮೀನಿಗೆ ವಿಷ. ಬೆಕ್ಕಿಗೂ ಆಗುವುದಿಲ್ಲ, ಸ್ಪ್ರೇ ಮಾಡಿದ ಬಟ್ಟೆ ಒಣಗುವವರೆಗೆ ಬೆಕ್ಕು ಹತ್ತಿರ ಬರದಂತೆ ನೋಡಿಕೊಳ್ಳಿ.

ಖಂಡಿತ ಮಾಡಬಾರದ್ದು

* ಹೊಲಕ್ಕೆ ಹೊಡೆಯುವ ಔಷಧಿಯಲ್ಲಿ ಬಟ್ಟೆ ಅದ್ದಬೇಡಿ. ಅದು ಚರ್ಮದ ಮೂಲಕ ಮೈಯೊಳಗೆ ಹೋಗುತ್ತದೆ.
* ದನದ ಉಣ್ಣೆಗೆ ಹಾಕುವ ಔಷಧಿಯನ್ನು ನಮ್ಮ ಬಟ್ಟೆಗೆ, ಮೈಗೆ ಹಚ್ಚಬೇಡಿ. “ಹಸುವಿಗೆ ಆಗೋದು ನಮಗೆ ಆಗಲ್ವಾ?” ಅನ್ನುವ ಮಾತು ಬೇಡ.
* ಜಿರಳೆಗೆ, ಸೊಳ್ಳೆಗೆ ಮನೆಯಲ್ಲಿ ಹೊಡೆಯುವ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಹಾಕಿಕೊಳ್ಳಬೇಡಿ.
* ಕಜ್ಜಿಯ ಮುಲಾಮನ್ನು ಬಟ್ಟೆಗೆ ಸವರಬೇಡಿ. ಬಟ್ಟೆಗೆ ಹಾಕುವ ಔಷಧಿಯನ್ನು ಚರ್ಮಕ್ಕೆ ಹಚ್ಚಬೇಡಿ.
* ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಡಾಕ್ಟರನ್ನು ಕೇಳದೆ ಇಂಥ ಸ್ಪ್ರೇ ಕೆಲಸಕ್ಕೆ ಕೈಹಾಕಬೇಡಿ.

ಚರ್ಮಕ್ಕೆ ಹಚ್ಚಲು ಔಷಧಿ ಅಂಗಡಿಯಲ್ಲಿ ಸಿಗುವ ಸೊಳ್ಳೆ ಮುಲಾಮು ಇದೆ, ಮಲೆನಾಡಿನಲ್ಲಿ ಡೆಪಾ ತೈಲ ಇದೆ. ಬಟ್ಟೆ ಮುಚ್ಚದ ಜಾಗಕ್ಕೆ, ಅಂದರೆ ಅಂಗೈ ಹಿಂಭಾಗ, ಕುತ್ತಿಗೆ, ಪಾದಕ್ಕೆ ಮಾತ್ರ ಹಚ್ಚಿ. ಕಣ್ಣು, ಬಾಯಿ, ಗಾಯಕ್ಕೆ ತಾಗಬಾರದು.

ಇಂಬಳದ ಕಾಲುಚೀಲ ನಾವೇ ಹೊಲಿಯೋಣ

ಮಳೆಗಾಲದಲ್ಲಿ ಮಲೆನಾಡಿನ ಬೆಟ್ಟ ಹತ್ತುವವರು ಇಂಬಳದ ಕಾಲುಚೀಲ ಹಾಕಿಕೊಳ್ಳುತ್ತಾರೆ. ಮಾಮೂಲಿ ಕಾಲುಚೀಲ ಹೆಣೆದದ್ದು. ಹಿಗ್ಗಿದಾಗ ಅದರ ಸಂದಿಯಿಂದ ಇಂಬಳ ತೂರುತ್ತದೆ. ಇದು ಹಾಗಲ್ಲ, ಒತ್ತಾಗಿ ನೇಯ್ದ ಬಟ್ಟೆಯ ಉದ್ದ ಚೀಲ. ಉಣ್ಣೆಗೂ ಒಳ್ಳೆಯ ತಡೆ. ಇದರಲ್ಲಿ ಯಾವ ಔಷಧಿಯೂ ಇಲ್ಲ. ಹೊಲಿಗೆ ಬರುವ ನಮಗೆ ಇದು ಅರ್ಧ ಗಂಟೆಯ ಕೆಲಸ.

ಬೇಕಾಗುವುದು: ಒತ್ತಾದ, ದಪ್ಪ ಕೋರಾ ಬಟ್ಟೆ ಅಥವಾ ತಿಳಿ ಬಣ್ಣದ ಪ್ಯಾಂಟ್ ಬಟ್ಟೆ ಒಂದೂಕಾಲು ಮೀಟರ್, ಗಟ್ಟಿ ದಾರ, ಲಾಡಿ.

ಮಾಡುವ ರೀತಿ: ಸಲ್ವಾರ್ ಹಾಕಿಕೊಂಡು, ಪೇಪರ್ ಮೇಲೆ ಕಾಲನ್ನು ಪಕ್ಕಕ್ಕೆ ಮಲಗಿಸಿ, ಪಾದದಿಂದ ಮೊಣಕಾಲಿನವರೆಗೆ ಗೆರೆ ಎಳೆಯಿರಿ. ಸುತ್ತ ಮೂರು ಬೆರಳಿನಷ್ಟು ಜಾಗ ಬಿಟ್ಟು ಕತ್ತರಿಸಿ. ಒಂದು ಕಾಲಿಗೆ ಎರಡು ತುಂಡು, ಒಟ್ಟು ನಾಲ್ಕು. ಎರಡು ತುಂಡು ಸೇರಿಸಿ ಎರಡು ಸಾಲು ಹೊಲಿಗೆ ಹಾಕಿ. ಹೊಲಿಗೆಯ ಅಂಚು ಮಡಿಚಿ ಹೊಲಿದರೆ ಕಾಲಿಗೆ ಒತ್ತುವುದಿಲ್ಲ. ಮೇಲುಗಡೆ ಮಡಿಚಿ ಲಾಡಿ ಹಾಕಿ. ಸಲ್ವಾರಿನ ಮೇಲೆ ಇದನ್ನು ಹಾಕಿ, ಮೊಣಕಾಲಿನ ಕೆಳಗೆ ಕಟ್ಟಿ, ಅದರ ಮೇಲೆ ಶೂ ಹಾಕಬೇಕು. ಲಾಡಿಯನ್ನು ರಕ್ತ ಕಟ್ಟುವಷ್ಟು ಬಿಗಿಯಬೇಡಿ.

ಎಲೆಕ್ಟ್ರಾನಿಕ್ ಸಿಟಿಯಿಂದ ಶನಿವಾರ ಭಾನುವಾರ ಎಷ್ಟೋ ಹುಡುಗ ಹುಡುಗಿಯರು ಬೆಟ್ಟ ಹತ್ತಲು ಹೋಗ್ತಾರೆ. ಅವರಿಗೆ ಇದು ಬೇಕು. ಹೊಲಿಗೆ ಮೆಷಿನ್ ಇರುವ ಸಂಘಗಳು ಮೊದಲು ಹತ್ತು ಜೊತೆ ಹೊಲಿದು ನೋಡಬಹುದು. ಬಟ್ಟೆ, ದಾರ, ಲಾಡಿ, ಕರೆಂಟು, ನಿಮ್ಮ ಕೂಲಿ ಎಲ್ಲ ಬರೆದಿಟ್ಟು ಬೆಲೆ ಹಾಕಿ. ಕೂಲಿ ಬಿಟ್ಟು ಲೆಕ್ಕ ಹಾಕಬೇಡಿ. ಮಾರುವಾಗ “ಔಷಧಿ ಹಾಕಿದೆ, ಏನೂ ಕಚ್ಚುವುದಿಲ್ಲ” ಎಂದು ಸುಳ್ಳು ಹೇಳಬೇಡಿ. “ಒತ್ತು ನೇಯ್ಗೆಯ ಬಟ್ಟೆ, ಎರಡು ಸಾಲು ಹೊಲಿಗೆ” ಎಂದು ಇದ್ದದ್ದನ್ನು ಹೇಳಿ. ಒಮ್ಮೆ ಕೊಂಡವರು ಮತ್ತೆ ಬರುತ್ತಾರೆ.

ಮನೆಗೆ ಬಂದ ಮೇಲೆ

ಕಾಡಿನಿಂದ ಬಂದ ತಕ್ಷಣ ಬಟ್ಟೆಯನ್ನು ಹೊರಗೇ ಕೊಡವಿ ಬಿಸಿನೀರಿನಲ್ಲಿ ನೆನೆಹಾಕಿ. ಆ ಬಟ್ಟೆಯಲ್ಲೇ ಹಾಸಿಗೆ ಮೇಲೆ ಕೂರಬೇಡಿ, ಮಗುವನ್ನು ಎತ್ತಿಕೊಳ್ಳಬೇಡಿ. ಬಿಸಿನೀರು, ಸೋಪು ಹಾಕಿ ಸ್ನಾನ ಮಾಡಿ. ಕಂಕುಳು, ತೊಡೆಸಂದಿ, ಮೊಣಕಾಲಿನ ಹಿಂಭಾಗ, ಸೊಂಟ, ಕಿವಿಯ ಹಿಂದೆ, ಕೂದಲಲ್ಲಿ ಉಣ್ಣೆ ಇದೆಯೇ ಎಂದು ಒಬ್ಬರಿಗೊಬ್ಬರು ನೋಡಿಕೊಳ್ಳಿ. ಇದಕ್ಕೆ ಅಕ್ಕ ತಂಗಿ, ಅತ್ತೆ ಸೊಸೆ ಒಟ್ಟಿಗಿದ್ದರೆ ಎಷ್ಟು ಅನುಕೂಲ!

ಉಣ್ಣೆ ಕಚ್ಚಿಕೊಂಡಿದ್ದರೆ ಸಣ್ಣ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ಬೆರಳಿನಲ್ಲಿ ಹಿಸುಕಬೇಡಿ. ಸೀಮೆಎಣ್ಣೆ ಹಾಕುವುದು, ಬೆಂಕಿ ತಾಗಿಸುವುದು ಬೇಡ. ಆಮೇಲೆ ಸೋಪಿನಲ್ಲಿ ತೊಳೆಯಿರಿ. ಇಂಬಳವನ್ನು ಉಗುರಿನಿಂದ ಪಕ್ಕಕ್ಕೆ ಸರಿಸಿ ಬಿಡಿಸಿ, ಗಾಯದ ಮೇಲೆ ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ.

ಬಹಳ ಮುಖ್ಯವಾದ ಮಾತು ಇನ್ನೊಂದಿದೆ. ಕಾಡಿಗೆ ಹೋಗಿ ಬಂದ ಎರಡು ಮೂರು ವಾರದೊಳಗೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿ ಕೆಲಸಕ್ಕೆ ಹೋಗಬೇಡಿ. ಡಾಕ್ಟರ ಹತ್ತಿರ ಹೋಗಿ ನೀವಾಗಿಯೇ ಹೇಳಿ: “ನಾನು ಇಂಥ ಊರಿನ ಕಾಡಿಗೆ ಹೋಗಿದ್ದೆ, ಉಣ್ಣೆ ಕಚ್ಚಿರಬಹುದು.” ಬೆಂಗಳೂರಿನ ಡಾಕ್ಟರಿಗೆ ನೀವು ಹೇಳದೆ ಅದು ಹೇಗೆ ಗೊತ್ತಾಗಬೇಕು? ಸ್ಕ್ರಬ್ ಟೈಫಸ್ ಬೇಗ ಗೊತ್ತಾದರೆ ಸಾಮಾನ್ಯ ಮಾತ್ರೆಯಲ್ಲೇ ವಾಸಿಯಾಗುತ್ತದೆ. ತಡವಾದರೆ ಜೀವಕ್ಕೆ ಅಪಾಯ. ಮಂಗನ ಕಾಯಿಲೆಯಲ್ಲೂ ಬೇಗ ಆಸ್ಪತ್ರೆ ಸೇರಿದವರಿಗೆ ಉಳಿಯುವ ಅವಕಾಶ ಹೆಚ್ಚು. ಕಾಡಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಿ.

ಅಕ್ಕ ತಂಗಿಯರೇ, ನಾನು ಹೇಳಿದ್ದರಲ್ಲಿ ಹೆಚ್ಚಿನದು ಹಣದ ವಿಷಯ ಅಲ್ಲ, ಮನಸ್ಸಿನ ವಿಷಯ. ಹಳೆಯ ಅಂಗಿ ಮನೆಯಲ್ಲಿದೆ, ಹಳೆಯ ಪ್ಯಾಂಟು ಇದೆ. ಇಲ್ಲದಿರುವುದು “ನನ್ನ ಕಾಲಿಗೂ ಕಾವಲು ಬೇಕು” ಎನ್ನುವ ಯೋಚನೆ. ಮನೆಯವರಿಗೆಲ್ಲ ಬಟ್ಟೆ ಇಸ್ತ್ರಿ ಮಾಡಿ ಕೊಡುವ ನಾವು ನಮ್ಮ ಮೈಯನ್ನು ಕೊನೆಗೆ ನೆನೀತೀವಿ. ಈ ಸಲ ಮೊದಲು ನೆನೆಯೋಣ. ನಿಮ್ಮ ತವರಿನ ತಾಯಿ, ಅತ್ತಿಗೆಯರಿಗೆ ಇವತ್ತು ರಾತ್ರಿಯೇ ಫೋನ್ ಮಾಡಿ ಇದನ್ನು ಹೇಳಿ. ತರಗೆಲೆ ಗುಡಿಸುವವರು ಅವರು, ಇದು ನಮಗಿಂತ ಅವರಿಗೆ ಹೆಚ್ಚು ಬೇಕು.

ಮುಂದಿನ ವಾರದ ಸಂಘದ ಸಭೆಯಲ್ಲಿ ಚರ್ಚಿಸಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ:

1. ನಮ್ಮ ಸಂಘದಲ್ಲಿ ಕಾಡು, ಪೊದೆ ಇರುವ ಊರಿಗೆ ಹೋಗುವವರು ಎಷ್ಟು ಜನ? ಯಾವ ತಿಂಗಳಲ್ಲಿ?
2. ಪ್ರವಾಸಕ್ಕೆ ಬರುವ ಪ್ರತಿಯೊಬ್ಬರಿಗೂ ತುಂಬುತೋಳಿನ ಅಂಗಿ, ಉದ್ದ ಕಾಲುಚೀಲ, ಶೂ ಇದೆಯೇ? ಇಲ್ಲದವರಿಗೆ ಹೇಗೆ ಹೊಂದಿಸೋಣ?
3. ಇಂಬಳದ ಕಾಲುಚೀಲ ಹೊಲಿಯಲು ಯಾರು ಮುಂದೆ ಬರುತ್ತಾರೆ? ಮೊದಲ ಹತ್ತು ಜೊತೆಗೆ ಬಂಡವಾಳ ಎಷ್ಟು?